ಸೋಡಚೀಟಿ ಮತ್ತು ಪಿಂಚಣಿ



ವಿಕಲಚೇತನಳಾದ ಹೆಣ್ಣುಮಗಳೊಬ್ಬಳು ಗಂಡನ ಮನೆಯಿಂದ ಹೊರಬಿದ್ದು ತವರಿನ ಆಶ್ರಯಕ್ಕೆ ಮರಳಿದಾಗ, ಆಕೆಯ ಮುಂದಿನ ಜೀವನೋಪಾಯವೇನೆಂಬ ಪ್ರಶ್ನೆಗೆ ನಮ್ಮ ಕಚೇರಿಗಳಲ್ಲಿಯೂ ಚಾವಡಿಗಳಲ್ಲಿಯೂ ದೊರೆಯುವ ಉತ್ತರ ಒಂದೇ ಬಗೆಯದು: ಸರ್ಕಾರದ ಪಿಂಚಣಿಯಿದೆ, ನ್ಯಾಯಾಲಯದಲ್ಲಿ ಪೋಟಗಿ (ಜೀವನಾಂಶ) ಇದೆ, ಇನ್ನೇನು ಬೇಕು? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕೌಟುಂಬಿಕ ವ್ಯಾಜ್ಯಗಳ ಕಾಗದಪತ್ರಗಳನ್ನು ಬಹುಕಾಲ ಕೈಯಲ್ಲಿ ಹಿಡಿದವನಾದ ನಾನು ಈ ಉತ್ತರವನ್ನು ಒಪ್ಪಲಾರೆ. ಪಿಂಚಣಿಯೂ ಉಂಟು, ಪೋಟಗಿಯೂ ಉಂಟು. ಆದರೆ ಇವೆರಡರ ನಡುವೆ ಒಂದು ಛಾಪಾ ಕಾಗದವು ಬಂದು ನಿಂತು, ಎರಡೂ ಬಾಗಿಲುಗಳನ್ನು ಏಕಕಾಲಕ್ಕೆ ಮುಚ್ಚಬಲ್ಲದೆಂಬುದನ್ನು ಯಾರೂ ಗಣನೆಗೆ ತಂದುಕೊಂಡಂತಿಲ್ಲ.

ಆ ಕಾಗದವೇ ನಮ್ಮ ಭಾಗದವರು ಸೋಡಚೀಟಿಯೆಂದು ಕರೆಯುವ ಪತ್ರ. ದಂಪತಿಗಳಲ್ಲಿ ವಿರಸ ಬೆಳೆದಾಗ ಎರಡೂ ಕಡೆಯ ಹಿರಿಯರು ಕುಳಿತು, ಕೊಟ್ಟ ಬಂಗಾರವೆಷ್ಟು, ಮರಳಿಸುವುದೆಷ್ಟು ಎಂಬುದನ್ನು ಲೆಕ್ಕ ಹಾಕಿ, ಕೊನೆಗೆ 'ನಾವಿಬ್ಬರೂ ಸ್ವಸಂತೋಷದಿಂದ ಬೇರೆಯಾಗಿದ್ದೇವೆ, ಇನ್ನು ಮುಂದೆ ಒಬ್ಬರಿಂದೊಬ್ಬರು ಏನನ್ನೂ ಬೇಡುವುದಿಲ್ಲ' ಎಂಬರ್ಥದ ವಾಕ್ಯದ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸುತ್ತಾರೆ. ಆ ಸಂತೋಷವು ಯಾರದೆಂದು ಕೇಳುವವರಿಲ್ಲ. ಪೋಲಿಯೋದಿಂದ ಕಾಲಿನ ಬಲ ಕುಂದಿದವಳೋ, ಮಾತು ಬಾರದವಳೋ, ಮದುವೆಯ ಬಳಿಕ ದೃಷ್ಟಿ ಕಳೆದುಕೊಂಡವಳೋ ಆ ಬೈಠಕ್ಕಿನಲ್ಲಿ ಪ್ರತಿವಾದಿಸುವ ಸ್ಥಿತಿಯಲ್ಲಿರುವುದಿಲ್ಲ. ಅವಳ ತಂದೆಯಂತೂ ಇನ್ನೊಬ್ಬ ಮಗಳ ಮದುವೆಯ ಚಿಂತೆಯಲ್ಲಿ 'ಆದದ್ದಾಯಿತು' ಎಂದು ತಲೆಯಾಡಿಸಿರುತ್ತಾನೆ.

ಈ ಪತ್ರಕ್ಕೆ ಕಾನೂನಿನಲ್ಲಿ ಏನು ಬೆಲೆ? 1955ರ ಹಿಂದೂ ವಿವಾಹ ಕಾಯ್ದೆಯು ರೂಢಿಯಿಂದ ಬಂದ ವಿಚ್ಛೇದನವನ್ನು ಮಾನ್ಯ ಮಾಡುತ್ತದೆಯಾದರೂ ಆ ರೂಢಿಯನ್ನು ಸಾಕ್ಷ್ಯಪೂರ್ವಕವಾಗಿ ಸ್ಥಾಪಿಸಬೇಕು. ಹಾಗೆ ಸ್ಥಾಪಿತವಾಗದಿದ್ದಲ್ಲಿ ಛಾಪಾ ಕಾಗದದ ಮೇಲಿನ ಒಪ್ಪಂದದಿಂದ ಮದುವೆ ಮುರಿಯುವುದಿಲ್ಲ. ಆದಕಾರಣ ಆಕೆ ಕಾಗದ ಹಿಡಿದುಕೊಂಡು ಕಂದಾಯ ಕಚೇರಿಗೆ ಹೋದರೆ 'ನೀನು ವಿಚ್ಛೇದಿತೆಯಲ್ಲ, ಡಿಕ್ರಿ ತಾ' ಎನ್ನುತ್ತಾರೆ. ಅದೇ ಆಕೆ ಪೋಟಗಿ ಬೇಡಿ ನ್ಯಾಯಾಲಯಕ್ಕೆ ಬಂದರೆ ಗಂಡನ ಪರ ವಕೀಲರು ಅದೇ ಕಾಗದವನ್ನು ಮುಂದಿಟ್ಟು, ಪರಸ್ಪರ ಸಮ್ಮತಿಯಿಂದ ಪ್ರತ್ಯೇಕವಾಗಿ ವಾಸಿಸುವ ಹೆಂಡತಿಗೆ ಜೀವನಾಂಶವಿಲ್ಲವೆಂಬ ಕಲಮನ್ನು ಓದಿ ಹೇಳುತ್ತಾರೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿಯೂ ಹಾಗೆಯೇ ಉಳಿದುಕೊಂಡಿದೆ. ಒಂದು ಬಾಗಿಲಲ್ಲಿ ಶೂನ್ಯವೆನಿಸಿದ ಪತ್ರವು ಇನ್ನೊಂದು ಬಾಗಿಲಲ್ಲಿ ಶಾಸನವೆನಿಸುವ ಈ ವೈಪರೀತ್ಯವೇ ನನ್ನ ದೂರಿನ ತಿರುಳು. ಜೀವನಾಂಶದ ಹಕ್ಕನ್ನು ಇಂಥ ಕರಾರಿನಿಂದ ಬಿಟ್ಟುಕೊಡಲಾಗದೆಂದು ನ್ಯಾಯಾಲಯಗಳು ಅನೇಕ ಸಲ ಹೇಳಿವೆ, ನಿಜ. ಆದರೆ ಹೆಬ್ಬೆಟ್ಟು ಒತ್ತುವ ದಿನ ಅವಳಿಗೆ ಇದನ್ನು ಹೇಳುವವರಾರು?

ಪೋಟಗಿಯ ವಿಷಯದಲ್ಲಿ ಕಾನೂನು ಕೃಪಣವಾಗಿಲ್ಲವೆಂಬುದನ್ನು ಒಪ್ಪಬೇಕು. ಆಕೆ ತಾನಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ಇತ್ಯರ್ಥಪಡಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಸ್ತ್ರೀಯೆಂಬ ಕಾರಣಕ್ಕೂ ವಿಕಲಚೇತನಳೆಂಬ ಕಾರಣಕ್ಕೂ ಅವಳಿಗೆ ವಕೀಲರ ನೆರವು ಉಚಿತ. ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಕೊಡಿಸಬೇಕೆಂದೂ, ಇಬ್ಬರೂ ತಮ್ಮ ಆಸ್ತಿ-ಋಣಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದೂ, ಮೊತ್ತವನ್ನು ನಿಶ್ಚಯಿಸುವಾಗ ತೀವ್ರ ವೈಕಲ್ಯವನ್ನು ಪರಿಗಣಿಸಬೇಕೆಂದೂ ವಿಧಿಸಿದೆ. ಆದರೆ ಆ ಪ್ರಮಾಣಪತ್ರದಲ್ಲಿ ನಮ್ಮ ಕಡೆಯ ಗಂಡ ಬರೆಯುವುದೇನು? ಕಬ್ಬಿನ ಹೊಲ ತಂದೆಯ ಹೆಸರಿನಲ್ಲಿದೆ, ಕಾರ್ಖಾನೆಯ ಬಿಲ್ಲು ತಂದೆಯ ಖಾತೆಗೆ ಬರುತ್ತದೆ, ತಾನು ಬರಿಯ ಕೂಲಿ! ಬನಹಟ್ಟಿಯ ವಿದ್ಯುತ್ ಮಗ್ಗದಲ್ಲಿ ದುಡಿಯುವವನಿಗೆ ಸಂಬಳದ ಚೀಟಿಯೇ ಇರುವುದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡ ಬೀಳಗಿ ತಾಲ್ಲೂಕಿನ ಕುಟುಂಬಗಳಿಗೆ ಬಂದ ಪರಿಹಾರವೂ ಖಾತೆದಾರನ ಹೆಸರಿಗೇ ಬಂದುದು. ಸೊಸೆಯ ಹೆಸರು ಹೊಲದ ಯಾವ ಉತಾರದಲ್ಲಿತ್ತು? ದೇಹದಲ್ಲಿ ಬಲವಿರುವ ಗಂಡನು ಮೈಮುರಿದು ದುಡಿದಾದರೂ ಹೆಂಡತಿಮಕ್ಕಳನ್ನು ಸಾಕಬೇಕೆಂದು ಅದೇ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ನುಡಿದಿರುವುದು ಆಶಾದಾಯಕವಾಗಿದ್ದರೂ, ಆದೇಶ ಹೊರಟ ಮೇಲೆ ಬಾಕಿ ವಸೂಲಿಗೆ ಮತ್ತೆ ಮತ್ತೆ ಅರ್ಜಿ ಹಾಕುತ್ತ, ಮೆಟ್ಟಿಲು ಹತ್ತಲಾರದವಳು ಮೆಟ್ಟಿಲು ಹತ್ತುತ್ತಲೇ ಇರಬೇಕಾಗುತ್ತದೆ.

ಇನ್ನು ಪಿಂಚಣಿ. ವಿಕಲಚೇತನರ ಪಿಂಚಣಿಗೂ ಮದುವೆಗೂ ಸಂಬಂಧವಿಲ್ಲವೆಂದು ವಾದಿಸುವವರುಂಟು. ಸಂಬಂಧವಿರುವುದು ಕುಟುಂಬದ ಆದಾಯಕ್ಕೆ; ಕುಟುಂಬ ಯಾವುದೆಂದು ಹೇಳುವುದು ಪಡಿತರ ಚೀಟಿ; ಆ ಚೀಟಿಯಲ್ಲಿ ಅವಳಿನ್ನೂ ಗಂಡನ ಮನೆಯ ಸೊಸೆ. ಅಲ್ಲಿಂದ ಹೆಸರು ತೆಗೆಸದೆ ತವರಿನ ಚೀಟಿಗೆ ಸೇರಲಾಗದು, ತೆಗೆಸಲು ಅವರು ಮನಸ್ಸು ಮಾಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಗಳು ಚೀಟಿಯಲ್ಲಿ ಯಜಮಾನಿಯೆನಿಸಿದವಳಿಗೆ ಸಲ್ಲುವುದರಿಂದ ಅಲ್ಲಿ ಅತ್ತೆಗೆ ಹೋಗುತ್ತವೆ, ಇಲ್ಲಿ ತಾಯಿಗೋ ಅಣ್ಣನ ಹೆಂಡತಿಗೋ. ಇವಳು ಎರಡೂ ಮನೆಗಳಲ್ಲಿ ಯಜಮಾನಿಯಲ್ಲ. ಅವಿವಾಹಿತ ಹಾಗೂ ವಿಚ್ಛೇದಿತ ಸ್ತ್ರೀಯರಿಗಾಗಿ 2013ರಲ್ಲಿ ಆರಂಭವಾದ ಮನಸ್ವಿನಿ ಯೋಜನೆಯಲ್ಲಿ ಗಂಡ ಬಿಟ್ಟವಳೆಂಬ ವರ್ಗವೇ ಇಲ್ಲ, ಇದ್ದರೂ ನಲವತ್ತು ತುಂಬುವವರೆಗೆ ಕಾಯಬೇಕು.

ಮೊತ್ತದ ಮಾತನ್ನೂ ಆಡಿಬಿಡುತ್ತೇನೆ. 2021ರ ಜುಲೈನಲ್ಲಿ ಆಗತಾನೆ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿಯವರು ವಿಧವಾ ವೇತನವನ್ನೂ, ಶೇಕಡಾ 40ರಿಂದ 75ರೊಳಗಿನ ವೈಕಲ್ಯವುಳ್ಳವರ ವೇತನವನ್ನೂ 600ರಿಂದ 800 ರೂಪಾಯಿಗಳಿಗೆ ಏರಿಸಿದರು. ಏರಿಸಿದುದು ಶ್ಲಾಘ್ಯವೇ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೆಯ ಕಲಮು, ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು ಇತರರಿಗೆ ಸಲ್ಲುವ ತತ್ಸಮಾನ ನೆರವಿಗಿಂತ ಕನಿಷ್ಠ ಶೇಕಡಾ 25ರಷ್ಟು ಅಧಿಕವಾಗಿರತಕ್ಕದ್ದೆಂದು ಸ್ಪಷ್ಟವಾಗಿ ಹೇಳುತ್ತದೆ. 800ಕ್ಕೆ 800 ಅಧಿಕವಾಗುವುದು ಯಾವ ಗಣಿತದಿಂದ? ಅಂಗವೈಕಲ್ಯ ಬೇರೆ, ಪರಿತ್ಯಾಗ ಬೇರೆ. ಎರಡೂ ಒಬ್ಬಳ ಮೇಲೆಯೇ ಎರಗಿದಾಗ ಸರ್ಕಾರವು ಅದನ್ನು ಒಂದೇ ಕಷ್ಟವೆಂದು ಎಣಿಸಿ ಒಂದೇ ಪಿಂಚಣಿ ಕೊಡುತ್ತದೆ. ಕೂತಲ್ಲಿಯೇ ಮಗ್ಗದ ಕಂಡಿಕೆ ಸುತ್ತಿ ನಾಲ್ಕು ಕಾಸು ಸಂಪಾದಿಸಬಲ್ಲವಳು ಹೇಗೋ ದಿನ ನೂಕಿಯಾಳು; ಕೈಯೇ ಸ್ವಾಧೀನದಲ್ಲಿಲ್ಲದವಳು?

ವಿಚಿತ್ರವೆಂದರೆ ಇದೇ ಸರ್ಕಾರವು ವಿಕಲಚೇತನರನ್ನು ವರಿಸುವ ಸದೃಢರಿಗೆ 50,000 ರೂಪಾಯಿಗಳ ವಿವಾಹ ಪ್ರೋತ್ಸಾಹಧನವನ್ನು ಕೊಡುತ್ತದೆ. ಮಂಟಪದಲ್ಲಿ ಅಕ್ಷತೆ ಹಾಕಲು ಬಂದ ಸರ್ಕಾರ, ಮದುವೆ ಮುರಿದ ದಿನ ಬೀದಿಯ ಆ ಬದಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. (ವಿಕಲಚೇತನನಾದ ಗಂಡನನ್ನು ಹೆಂಡತಿ ಬಿಟ್ಟುಹೋದ ಸಂದರ್ಭಗಳೂ ಇಲ್ಲದಿಲ್ಲ, ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೆಯ ಕಲಮುಗಳ ಪ್ರಕಾರ ಅವನೂ ಆಕೆಯ ಆದಾಯದಿಂದ ನೆರವು ಕೇಳಬಹುದು. ಆ ಅರ್ಜಿಯನ್ನು ಹಾಕುವ ಗಂಡಸು ನಮ್ಮಲ್ಲಿ ದುರ್ಲಭ. ಅಭಿಮಾನ ಅಡ್ಡ ಬರುತ್ತದೆ.)

ಗಂಡ ಬಿಟ್ಟವಳ ಪಿಂಚಣಿಗೆ ಇತರ ರಾಜ್ಯಗಳು ದಾರಿ ಕಂಡುಕೊಂಡಿವೆ. ನಮ್ಮ ಗಡಿಯಾಚೆಯ ಮಹಾರಾಷ್ಟ್ರವು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ವಿಕಲಚೇತನರ ಜೊತೆಗೆ, ವಿಚ್ಛೇದನದ ದಾವೆ ಇನ್ನೂ ಮುಗಿಯದ ಸ್ತ್ರೀಯರನ್ನೂ ಡಿಕ್ರಿಯಾದರೂ ಪೋಟಗಿ ಬಾರದವರನ್ನೂ ಸೇರಿಸಿಕೊಂಡಿದೆ. ತಮಿಳುನಾಡಿನಲ್ಲಿ ಪರಿತ್ಯಕ್ತ ಪತ್ನಿಯರಿಗೆಂದೇ 1986ರಿಂದ ಪಿಂಚಣಿಯುಂಟು. ಅಲ್ಲಿಯೂ ಐದು ವರ್ಷ ಬೇರೆಯಿದ್ದುದನ್ನು ತೋರಿಸಬೇಕೆಂಬ ಕಠಿಣ ಷರತ್ತಿದೆಯೆನ್ನಿ, ಆದರೂ ವರ್ಗವೊಂದಕ್ಕೆ ಹೆಸರಾದರೂ ದೊರೆತಿದೆ. ಗಂಡ ಬಿಟ್ಟವರನ್ನು ಗುರುತಿಸುವುದು ಅಸಾಧ್ಯ, ಸುಳ್ಳು ಅರ್ಜಿಗಳು ಬರುತ್ತವೆಯೆಂಬ ಆಕ್ಷೇಪವನ್ನು ನಾನು ಮನ್ನಿಸುವುದಿಲ್ಲ. ನಮ್ಮ ಜಿಲ್ಲೆಯ ಊರೂರುಗಳಲ್ಲಿ 1993-94ರಲ್ಲಿಯೂ 2007-08ರಲ್ಲಿಯೂ ಮಾಜಿ ದೇವದಾಸಿಯರ ಸಮೀಕ್ಷೆಯನ್ನು ನಡೆಸಿ, ಆ ಪಟ್ಟಿಯ ಆಧಾರದ ಮೇಲೆ ಮಾಸಾಶನ ಕೊಟ್ಟವರು ಯಾರು? ಅದಕ್ಕಿಂತ ಇದು ಕಷ್ಟದ ಎಣಿಕೆಯೇನೂ ಅಲ್ಲ. ಗ್ರಾಮ ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರೂ ಬಹುಮಟ್ಟಿಗೆ ವಿಕಲಚೇತನರೇ ಆಗಿರುವುದರಿಂದ, ಯಾವ ಮನೆಯಲ್ಲಿ ಯಾರಿದ್ದಾರೆಂಬುದನ್ನು ತಲಾಠಿಗಿಂತ ಚೆನ್ನಾಗಿ ಬಲ್ಲರು.

ಆದುದರಿಂದ ನಾನು ಕೇಳುವುದು ಬಹಳವಲ್ಲ. ಪೋಟಗಿಯ ಅರ್ಜಿ ಅಥವಾ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ಅರ್ಜಿ ದಾಖಲಾದ ನೋಂದಣಿ ಸಂಖ್ಯೆಯನ್ನೇ ಪ್ರತ್ಯೇಕ ವಾಸಕ್ಕೆ ಸಾಕ್ಷ್ಯವೆಂದು ತಹಶೀಲ್ದಾರರು ಸ್ವೀಕರಿಸಿ, ಅವಳಿಗೆ ಅವಳೊಬ್ಬಳದೇ ಆದಾಯದ ಪ್ರಮಾಣಪತ್ರವನ್ನೂ ಪ್ರತ್ಯೇಕ ಪಡಿತರ ಚೀಟಿಯನ್ನೂ ಕೊಡಲಿ. ಸೋಡಚೀಟಿಗೆ ಮೊಹರು ಹಾಕುವ ನೋಟರಿಗಳು, ಸಹಿದಾರಳು ವಿಕಲಚೇತನಳಾಗಿದ್ದಲ್ಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರೊಬ್ಬರು ಅವಳಿಗೆ ಪತ್ರವನ್ನು ಓದಿ ತಿಳಿಸುವವರೆಗೆ ಮೊಹರನ್ನು ತಡೆಹಿಡಿಯಲಿ. ಮೂಕಳಾಗಿದ್ದರೆ ಸಂಜ್ಞಾಭಾಷೆ ಬಲ್ಲವರನ್ನು ಕರೆಸಲಿ. ಇವೆರಡಕ್ಕೂ ಹೊಸ ಶಾಸನ ಬೇಡ, ಆದೇಶಗಳು ಸಾಕು. ಉಳಿದುದು ಶೇಕಡಾ 25ರ ಮಾತು: ಜಮಖಂಡಿ, ತೇರದಾಳ, ಮುಧೋಳ, ಬೀಳಗಿ ಕ್ಷೇತ್ರಗಳ ಶಾಸಕರಲ್ಲಿ ಒಬ್ಬರಾದರೂ ಬೆಳಗಾವಿಯ ಅಧಿವೇಶನದಲ್ಲಿ ಎದ್ದುನಿಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆ ಪರಂತುಕವನ್ನು ಪಿಂಚಣಿಯ ಮೊತ್ತಕ್ಕೆ ಏಕೆ ಅನ್ವಯಿಸಿಲ್ಲವೆಂದು ಮಂತ್ರಿಗಳನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಲಿ.


ನಿವೃತ್ತ ಶಿರಸ್ತೇದಾರ, ಜಮಖಂಡಿ