ನೋಡಿಕೊಳ್ಳುವವರಿಗೂ ಬೇಕು ಆಪ್ತಸಮಾಲೋಚನೆ



ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯವರನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಎರಡನೇ ವರ್ಷದ ಹೊತ್ತಿಗೆ ನನಗೆ ನಿದ್ದೆಯೇ ಇರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಮಕ್ಕಳ ಮೇಲೆ ಸಿಡುಕುತ್ತಿದ್ದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿತ್ತು. ‘ಎಲ್ಲರ ಮನೆಯಲ್ಲೂ ಇರುವುದೇ’ ಎಂದವರೇ ಹೆಚ್ಚು.

ಕೊನೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸೇವೆ ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಸಹಾಯವಾಣಿಯವರು ಹೇಳಿದಂತೆ ಜಿಲ್ಲಾ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯ ಬಳಿ ಎಂಟು ವಾರ ಹೋದೆ. ಅವರು ಉಪದೇಶ ಮಾಡಲಿಲ್ಲ. ಮನಸ್ಸಿಗೆ ಬಂದ ಯೋಚನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿಸಿದರು. ‘ಒಂದು ಗಂಟೆ ಆಚೆ ಹೋದರೂ ನಾನು ಕೆಟ್ಟ ಸೊಸೆ’ ಎಂಬ ಸಾಲು ದಿನವೂ ಬರುತ್ತಿತ್ತು. ‘ಇದು ನಿಜವೆನ್ನಲು ಏನಿದೆ?’ ಎಂದು ಅವರು ಕೇಳಿದ ದಿನ ಅತ್ತುಬಿಟ್ಟೆ. ವಾರಕ್ಕೊಂದು ದಿನ ಬಂದು ಕೂರುವಂತೆ ನಾದಿನಿಯನ್ನು ಹೇಗೆ ಕೇಳಬೇಕೆಂಬುದನ್ನೂ ಅಲ್ಲೇ ಅಭ್ಯಾಸ ಮಾಡಿದೆ. ನಾದಿನಿ ಈಗ ತಪ್ಪದೆ ಬರುತ್ತಾರೆ. ಅತ್ತೆಯವರ ಸ್ಥಿತಿ ಹಾಗೆಯೇ ಇದೆ, ನನಗೆ ನಿದ್ದೆ ಬರುತ್ತಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಆದರೆ ರೋಗಿಯನ್ನು ಮನೆಯಲ್ಲಿ ಬಿಟ್ಟು ಪ್ರತಿ ವಾರ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವುದು ಎಷ್ಟು ಜನರಿಗೆ ಸಾಧ್ಯ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಪೂರ್ಣಾವಧಿ ಆಪ್ತಸಮಾಲೋಚಕರು ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಒಬ್ಬ ಗೃಹಿಣಿ, ಮಲೆನಾಡಿನಿಂದ