ನಜ್ಜಾಶಿಯ ಆಸ್ಥಾನದಲ್ಲಿ ಜಅಫರ್ ಮೌನವಾಗಿದ್ದರೆ?

ತಿಲಕ್‌ನಗರ, ಗುರಪ್ಪನಪಾಳ್ಯ, ಬಿಟಿಎಂ ಲೇಔಟ್‌ನ ಮಸೀದಿಗಳಲ್ಲಿ ಜುಮುಅದ ದಿನ ಜಗತ್ತಿನ ಮರ್ದಿತರಿಗಾಗಿ ಕೈಗಳು ಮೇಲೇಳುತ್ತವೆ. ಕಣ್ಣೀರು ಹರಿಯುತ್ತದೆ, ಆಮೀನ್‌ನ ಧ್ವನಿ ಗೋಡೆಗಳನ್ನು ತುಂಬುತ್ತದೆ. ಆದರೆ ಅದೇ ಮರ್ದಿತ ನೋಟಿಸಿನ ಕಾಗದವನ್ನೋ ಅವಧಿ ಮುಗಿದ ವೀಸಾವನ್ನೋ ಹಿಡಿದು ನಮ್ಮ ಬಾಗಿಲಲ್ಲಿ ನಿಂತರೆ? 'ಯಾರಾದರೂ ವಕೀಲರನ್ನು ನೋಡು' ಎಂದು ಹೇಳಿ ಕಳುಹಿಸುತ್ತೇವೆ. ಯಾವ ವಕೀಲರು, ಎಲ್ಲಿದ್ದಾರೆ, ಅವರ ಶುಲ್ಕವನ್ನು ಯಾರು ಕೊಡಬೇಕು ಎಂಬುದು ನಮ್ಮ ಚಿಂತೆಯಲ್ಲ. ರಮಝಾನಿನಲ್ಲಿ ಅವನಿಗೆ ರೇಷನ್ ಕಿಟ್ ಕೊಟ್ಟಿದ್ದೇವೆ, ಚಳಿಗಾಲದಲ್ಲಿ ಕಂಬಳಿ ಹೊದಿಸಿದ್ದೇವೆ. ಅಲ್ಲಿಗೆ ಸಹೋದರತ್ವದ ಹೊಣೆ ತೀರಿತೆ?

ಇತಿಹಾಸವನ್ನು ನೆನಪಿಸಿಕೊಳ್ಳೋಣ. ಪ್ರವಾದಿತ್ವದ ಐದನೆಯ ವರ್ಷ ಮುಸ್ಲಿಮರ ಮೊದಲ ತಂಡ ಮಕ್ಕಾದಿಂದ ಅಬಿಸೀನಿಯಾಕ್ಕೆ ವಲಸೆ ಹೋಯಿತು. ಅಲ್ಲಿ ಆಶ್ರಯ ಪಡೆದವರನ್ನು ತಮಗೆ ಒಪ್ಪಿಸಬೇಕೆಂದು ಕುರೈಶರು ಕಾಣಿಕೆಗಳೊಂದಿಗೆ ಅಮ್ರ್ ಬಿನ್ ಆಸ್‌ರನ್ನು ಅಟ್ಟಿದರು. ಕ್ರೈಸ್ತ ದೊರೆ ನಜ್ಜಾಶಿ ಕಾಣಿಕೆಗೆ ಮರುಳಾಗಲಿಲ್ಲ. ಆರೋಪಿತರ ಮಾತನ್ನು ಕೇಳದೆ ತೀರ್ಪು ಕೊಡಲಾರೆ ಎಂದರು. ಆಗ ಜಅಫರ್ ಬಿನ್ ಅಬೂತಾಲಿಬ್(ರ) ಎದ್ದು ನಿಂತು, ತಾವೇಕೆ ತಾಯ್ನಾಡನ್ನು ತೊರೆದೆವೆಂದು ಒಂದೊಂದಾಗಿ ನಿರೂಪಿಸಿದರು. ಆ ಅಸಹಾಯಕರನ್ನು ಅಂದು ಕಾಪಾಡಿದ್ದು ಅಲ್ಲಾಹನ ಕೃಪೆ, ನ್ಯಾಯಪರ ದೊರೆ ಮತ್ತು ಒಂದು ಸಮರ್ಥ ವಾದ. ಇಂದು ನಾವು ನಜ್ಜಾಶಿಯ ಕಥೆಯನ್ನು ಹೇಳುತ್ತೇವೆ, ಜಅಫರ್‌ರ ಕೆಲಸವನ್ನು ಮಾತ್ರ ಮರೆತಿದ್ದೇವೆ.

ಆ ಕೆಲಸ ಈಗ ಹಿಂದೆಂದಿಗಿಂತ ಅಗತ್ಯ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನು ನಮ್ಮಲ್ಲಿಲ್ಲ. 1946ರ ವಿದೇಶೀಯರ ಕಾಯ್ದೆಯ ಸ್ಥಾನಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಸರಿಯಾದ ದಾಖಲೆಗಳಿಲ್ಲದೆ ದೇಶ ಪ್ರವೇಶಿಸಿದರೆ ಅದರಡಿ ಐದು ವರ್ಷಗಳವರೆಗೆ ಜೈಲು. ಅದೇ ತಿಂಗಳು ಹೊರಟ ಆದೇಶವು ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶಗಳಿಂದ ಕಿರುಕುಳಕ್ಕಂಜಿ 2024ರ ಅಂತ್ಯದೊಳಗೆ ಬಂದ ಆರು ಧರ್ಮಗಳವರಿಗೆ ವಿನಾಯಿತಿ ನೀಡಿತು. ಆ ಆರರಲ್ಲಿ ಇಸ್ಲಾಮ್ ಇಲ್ಲ. ಮ್ಯಾನ್ಮಾರಿನ ರೊಹಿಂಗ್ಯಾ ಆ ಪಟ್ಟಿಯ ಹತ್ತಿರಕ್ಕೂ ಸುಳಿಯುವಂತಿಲ್ಲ. ಭಯಕ್ಕೂ ಧರ್ಮ ಕೇಳುವ ಕಾನೂನನ್ನು ಮಾನವೀಯವೆಂದು ಕರೆಯಲು ಹೇಗೆ ಸಾಧ್ಯ?

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ. ಸಂವಿಧಾನದ 21ನೇ ವಿಧಿಯ ರಕ್ಷಣೆ ಪೌರನಲ್ಲದವನಿಗೂ ಇದೆಯೆಂದು 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೊಹಿಂಗ್ಯಾಗಳ ಗಡಿಪಾರನ್ನು ತಡೆಯಲು ಅದೇ ನ್ಯಾಯಾಲಯ ನಿರಾಕರಿಸಿತಾದರೂ, ನಿಗದಿತ ಕ್ರಮವನ್ನು ಪಾಲಿಸದೆ ಹೊರಹಾಕಕೂಡದೆಂದು ಹೇಳಿತು. ಆ ಕ್ರಮವೊಂದೇ ಉಳಿದಿರುವ ಆಸರೆಯಾದರೆ, ಅದನ್ನು ಬಲ್ಲವನೊಬ್ಬ ನಿರಾಶ್ರಿತನ ಪಕ್ಕದಲ್ಲಿ ನಿಲ್ಲಬೇಡವೆ? ಬೆಂಗಳೂರಿನಲ್ಲಿ 72 ರೊಹಿಂಗ್ಯಾಗಳನ್ನು ಗುರುತಿಸಲಾಗಿದೆ, ಅವರನ್ನು ಗಡಿಪಾರು ಮಾಡುವ ತಕ್ಷಣದ ಯೋಜನೆಯಿಲ್ಲ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಸ್ವಲ್ಪ ದಿನಗಳಲ್ಲೇ ಆ ನಿಲುವನ್ನು ಬದಲಿಸಿ ಬೇರೆ ಹೇಳಿಕೆ ಸಲ್ಲಿಸಿತು. ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸಾವಿರಾರು ಎಕರೆ ಕೊಟ್ಟ ನಾಡು ಇದೇ ಎಂಬುದನ್ನು ಅದಕ್ಕೆ ನೆನಪಿಸುವವರು ಯಾರು?

ಇತರರು ಏನು ಮಾಡುತ್ತಿದ್ದಾರೆಂಬುದನ್ನು ನೋಡಿ ನಾವು ನಾಚಬೇಕಾಗಿದೆ. ಜೆಸ್ವಿಟ್ ಪಾದ್ರಿಗಳು 1980ರಲ್ಲಿ ನಿರಾಶ್ರಿತರಿಗೆಂದೇ ಒಂದು ಸಂಸ್ಥೆ ಕಟ್ಟಿದರು. ಅದು ತಮಿಳುನಾಡಿನ ಶಿಬಿರಗಳಲ್ಲೂ ದುಡಿದಿದೆ. 2017ರಲ್ಲಿ ಟ್ರಂಪ್ ಮುಸ್ಲಿಮ್ ದೇಶಗಳವರಿಗೆ ಅಮೇರಿಕದ ಬಾಗಿಲು ಮುಚ್ಚಿದಾಗ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಯಹೂದಿಯರ ಹಯಾಸ್ ಸಂಸ್ಥೆಯೂ ಇತ್ತು. ಮುಸ್ಲಿಮರಿಗಾಗಿ ಯಹೂದಿಯರು ವಾದಿಸುತ್ತಾರೆ, ನಾವೋ ನಮ್ಮ ಮೊಹಲ್ಲಾದವನಿಗಾಗಿ ಒಂದು ಅರ್ಜಿ ಬರೆಯಲಾರೆವು!

'ಹೀಗೆ ಮಾಡಿದರೆ ನಮ್ಮ ಮೇಲೆಯೇ ಸಂಶಯ ಬರುವುದಿಲ್ಲವೆ?' ಎಂಬ ಅಳುಕು ಸುಳ್ಳಲ್ಲ. ಆದರೆ ಸಂಶಯ ಹುಟ್ಟುವುದು ಗುಟ್ಟಿನಿಂದ. ಯಾರನ್ನೂ ಬಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. ದುಡ್ಡು ತೆಗೆದುಕೊಂಡು ನಕಲಿ ಆಧಾರ್ ಮಾಡಿಸಿಕೊಡುವ ದಲ್ಲಾಳಿ ನಿರಾಶ್ರಿತನ ಮೊದಲ ಶತ್ರು, ಸಮುದಾಯದ ಎರಡನೆಯ ಶತ್ರು. ಅಸಹಾಯಕನೆಂದು ತಿಳಿದು ದುಪ್ಪಟ್ಟು ಬಾಡಿಗೆ ಕೀಳುವ ನಮ್ಮದೇ ಮನೆಮಾಲಕನೂ ಅವನ ಜೊತೆಗಾರ. ಇದಕ್ಕೆ ವ್ಯತಿರಿಕ್ತವಾಗಿ, ಬಂಧಿತನು ವಕೀಲನನ್ನು ಭೇಟಿಯಾಗುವುದು 22ನೇ ವಿಧಿ ಕೊಟ್ಟ ಹಕ್ಕು. ಬಂಧನದಲ್ಲಿರುವವನಿಗೆ ಉಚಿತ ಕಾನೂನು ನೆರವು ನೀಡಬೇಕೆನ್ನುವುದು 1987ರ ಕಾಯ್ದೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ನ್ಯಾಯದೇಗುಲವಿರುವ ಎಚ್. ಸಿದ್ದಯ್ಯ ರಸ್ತೆ ಜಯನಗರಕ್ಕೇನೂ ದೂರವಲ್ಲ. ಅಲ್ಲಿಗೆ ಹಗಲಲ್ಲೇ, ರಾಜಾರೋಷವಾಗಿ ಹೋಗಬಹುದು.

ಬೇಕಾಗಿರುವುದು ಹೆಚ್ಚೇನೂ ಅಲ್ಲ. ಮಸೀದಿಯ ಪಕ್ಕದ ಒಂದು ಕೊಠಡಿ, ವಾರಕ್ಕೊಂದು ಸಂಜೆ, ಇಬ್ಬರು ವಕೀಲರು, ಭಾಷೆ ಬಲ್ಲ ಒಬ್ಬ ಅನುವಾದಕ, ಪ್ರತಿಯೊಬ್ಬನ ಕಾಗದಗಳನ್ನು ಜೋಪಾನ ಮಾಡುವ ಕಡತ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ದೂರದ ದೆಹಲಿಯಲ್ಲಿದೆ. ಅಲ್ಲಿಗೆ ಸಲ್ಲಿಸಬೇಕಾದ ಹೇಳಿಕೆಯನ್ನು ಕ್ರಮಬದ್ಧವಾಗಿ ಬರೆದುಕೊಟ್ಟರೂ ಅದು ಒಂದು ಜೀವ ಉಳಿಸಬಹುದು. ಜೆಪಿ ನಗರ, ಬನಶಂಕರಿಯ ಮನೆಗಳಲ್ಲಿ ಕಾನೂನು ಪದವಿ ಪಡೆದ ನಮ್ಮ ಪುತ್ರರೂ ಪುತ್ರಿಯರೂ ಇದ್ದಾರೆ. ಖರ್ಚಿನ ಮಾತೆತ್ತುವವರು ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬನೆಂಬುದನ್ನು ನೆನಪಿಡಲಿ. ಬಾಗಿಲಿಗೆ ಬಂದವನು ಮುಸ್ಲಿಮನಲ್ಲದಿದ್ದರೆ? ಆಶ್ರಯ ಕೇಳಿದ ಬಹುದೇವಾರಾಧಕನಿಗೂ ಆಶ್ರಯವಿತ್ತು ಸುರಕ್ಷಿತ ತಾಣಕ್ಕೆ ತಲುಪಿಸಬೇಕೆಂಬುದು ಸೂರಃ ತೌಬಾದ ಆದೇಶ. ಅವನಿಗೂ ಅದೇ ಕುರ್ಚಿ, ಅದೇ ವಕೀಲ.

ಮುಂದಿನ ಜುಮುಅದಲ್ಲಿ ದುಆಗಾಗಿ ಕೈಯೆತ್ತುವ ಮುನ್ನ ಪ್ರತಿಯೊಂದು ಜಮಾಅತ್ ಕಮಿಟಿಯೂ ತನ್ನನ್ನು ತಾನೇ ಕೇಳಿಕೊಳ್ಳಲಿ: ನಮ್ಮಲ್ಲಿ ಜಅಫರ್ ಯಾರು?