ರಿಪೋರ್ಟು ಬರುವ ಹೊತ್ತಿಗೆ

ಮೇಗರವಳ್ಳಿಯ ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡನೆಂದು ಇಟ್ಟುಕೊಳ್ಳೋಣ. ತೀರ್ಥಹಳ್ಳಿ ದಾಟಿಯೋ ಆಗುಂಬೆ ಘಾಟಿ ಇಳಿದೋ ಆತ ದೊಡ್ಡ ಆಸ್ಪತ್ರೆ ಸೇರಬೇಕು. ಆಪರೇಷನ್ ಆಗುತ್ತದೆ, ಮೂಳೆ ಜೋಡಿಸುತ್ತಾರೆ. ನಾಲ್ಕನೆಯ ದಿನ ಚಳಿಜ್ವರ ಏರುತ್ತದೆ. ಗಾಯದ ನಂಜು ರಕ್ತಕ್ಕೆ ಸೇರಿದೆ. ಜಗತ್ತಿನ ಯಾವ ಆಸ್ಪತ್ರೆಯೂ ಈ ವಿಪತ್ತಿನಿಂದ ಪೂರ್ತಿ ಮುಕ್ತವಲ್ಲ. ಮರದಿಂದ ಬಿದ್ದೂ ಉಳಿದವನ ಪ್ರಾಣ ಈಗ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಈ ರೋಗಾಣುವಿಗೆ ಯಾವ ಔಷಧಿ ನಾಟುತ್ತದೆ?

ಉತ್ತರ ಹೇಳಬೇಕಾದದ್ದು ಪ್ರಯೋಗಶಾಲೆ. ರೋಗಿಯ ರಕ್ತವನ್ನು ಸೀಸೆಯಲ್ಲಿಟ್ಟು ರೋಗಾಣುವನ್ನು ಬೆಳೆಸುತ್ತಾರೆ. ಅನಂತರ ತಟ್ಟೆಗೆ ಹರಡಿ ಮತ್ತೆ ಬೆಳೆಸಿ, ಔಷಧಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು ಕಾಯುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ಬಯಲು ವರ್ತುಲ ಕಾಣುತ್ತದೆ. ಇಷ್ಟಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಡಾಕ್ಟರು ಊಹೆಯ ಮೇಲೆಯೇ ಔಷಧಿ ಕೊಡಬೇಕು. ಊಹೆ ತಪ್ಪಿದರೆ ರೋಗಿ ಹೋಗುತ್ತಾನೆ. ತಪ್ಪೀತೆಂಬ ಭಯದಿಂದ ಕಟ್ಟಕಡೆಯ ಔಷಧಿಯನ್ನು ಮೊದಲೇ ಕೊಟ್ಟರೆ, ಅದೂ ನಾಳೆಯ ರೋಗಿಗೆ ನಾಟದಂತಾಗುತ್ತದೆ.

ಇದು ಬರಿಯ ಹೆದರಿಕೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕವನ್ನೇ ನೋಡಿ. ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿನ ಮಾದರಿಗಳಲ್ಲಿ ಇಮಿಪೆನೆಮ್ ಎಂಬ ಪ್ರಬಲ ಔಷಧಿಗೆ ಮಣಿಯುತ್ತಿದ್ದವು 2016ರಲ್ಲಿ ಶೇ. 65, 2021ರಲ್ಲಿ ಶೇ. 43. ಔಷಧಿಗೆ ಜಗ್ಗದ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಊಹೆಯ ಕಾಲ ಮುಗಿಯಿತು.

ವಿಜ್ಞಾನ ಕೈಕಟ್ಟಿ ಕೂತಿಲ್ಲ. ಮೂತ್ರದ ಸೋಂಕಿಗೆ ಯಾವ ಔಷಧಿ ನಾಟುತ್ತದೆಂದು 45 ನಿಮಿಷದಲ್ಲಿ ಹೇಳುವ ಯಂತ್ರಕ್ಕೆ 2024ರಲ್ಲಿ ಬ್ರಿಟನ್ನಿನ ಲಾಂಗಿಟ್ಯೂಡ್ ಬಹುಮಾನ ಬಂತು. ಅದು ದೊಡ್ಡ ಸುದ್ದಿಯಾಯಿತು. ಆದರೆ ನಮ್ಮಂಥ ಜಿಲ್ಲೆಗಳಿಗೆ ಹೆಚ್ಚು ಮುಖ್ಯವಾದದ್ದು ಸದ್ದಿಲ್ಲದೆ ಬಂದ ಇನ್ನೊಂದು ವಿಧಾನ. ಯೂರೋಪಿನ ತಜ್ಞರ ಸಮಿತಿಯಾದ ಯೂಕ್ಯಾಸ್ಟ್ 2018ರಲ್ಲಿ ಅದನ್ನು ಪ್ರಕಟಿಸಿತು. ಸೀಸೆಯಲ್ಲಿ ರೋಗಾಣು ಬೆಳೆದದ್ದು ಕಂಡೊಡನೆ ಆ ರಕ್ತವನ್ನೇ ನೇರವಾಗಿ ತಟ್ಟೆಗೆ ಹರಡಿ, ಅದೇ ಹಳೆಯ ಕಾಗದದ ಬಿಲ್ಲೆಗಳನ್ನಿಟ್ಟು, 4, 6, 8 ಗಂಟೆಗಳಲ್ಲಿ ವರ್ತುಲವನ್ನು ಅಳೆಯುವುದು. ರೋಗಾಣು ಯಾವ ಜಾತಿಯದೆಂದು ಬೇರೆ ತಿಳಿಯಬೇಕು. ರಕ್ತದ ನಂಜಿನ ಕೆಲವು ಮುಖ್ಯ ರೋಗಾಣುಗಳಿಗಷ್ಟೇ ಅಳತೆಗಳು ನಿಗದಿಯಾಗಿವೆ. ಆದರೂ ಒಂದು ದಿನಕ್ಕೂ ಹೆಚ್ಚು ಉಳಿತಾಯ. ರಕ್ತದ ನಂಜಿನಲ್ಲಿ ಒಂದು ದಿನವೆಂದರೆ ಒಂದು ಜೀವ.

ಈ ಪರೀಕ್ಷೆಗೆ ಕೋಟಿಯ ಹೊಸ ಯಂತ್ರ ಬೇಡ. ಬೇಕಾದದ್ದು ಅಪರಾತ್ರಿಯಲ್ಲೂ ಎದ್ದು ಅಳತೆ ನೋಡುವ, ತರಬೇತಿ ಪಡೆದ ಮನುಷ್ಯ. ರಾತ್ರಿ ಒಂಬತ್ತಕ್ಕೆ ಸೀಸೆ ಸೂಚನೆ ಕೊಟ್ಟು, ಬೆಳಿಗ್ಗೆ ಹತ್ತಕ್ಕೆ ಬೀಗ ತೆರೆಯುವುದಾದರೆ ಆರು ಗಂಟೆಯ ಪರೀಕ್ಷೆ ಮತ್ತೆ ದಿನದ ಪರೀಕ್ಷೆಯೇ ಆಯಿತು. ಯಂತ್ರ ಖರೀದಿಗೆ ಸರ್ಕಾರಕ್ಕೆ ಉತ್ಸಾಹವುಂಟು. ಉದ್ಘಾಟನೆ ಉಂಟು, ಫಲಕ ಉಂಟು. ಟೆಕ್ನೀಷಿಯನ್‌ನ ರಾತ್ರಿ ಪಾಳಿಗೆ ಯಾವ ಮಂತ್ರಿ ಟೇಪು ಕತ್ತರಿಸುತ್ತಾನೆ?

ಪರೀಕ್ಷೆ ದೂರವಾದರೆ ಏನಾಗುತ್ತದೆಂಬುದು ಈ ಜಿಲ್ಲೆಗೆ ಹೊಸತಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನ ಮಲಗಿದಾಗ ಕಾರಣ ಹುಡುಕಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದೇ ಮಂಗನ ಕಾಯಿಲೆ ಮನೆಮನೆಯನ್ನು ಕಾಡಿತು. ರೋಗ ಹಳ್ಳಿಯಲ್ಲಿ, ಉತ್ತರ ಪಟ್ಟಣದಲ್ಲಿ ಎಂಬ ಸ್ಥಿತಿ ಇನ್ನೆಷ್ಟು ದಿನ?

ಜನರೇ ಅಂಗಡಿಯಿಂದ ಕಂಡಕಂಡ ಮಾತ್ರೆ ನುಂಗಿ ರೋಗಾಣುಗಳನ್ನು ಬಲಿಸಿದರೆಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಹಲವು ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದಕ್ಕೆ ಲೆಕ್ಕ ಇಡಬೇಕು ಎಂಬ ಬಿಗಿ ನಿಯಮ 2014ರಿಂದಲೇ ಇದೆ. ಆದರೆ ದಿನದ ಕೂಲಿ ಬಿಟ್ಟು ಡಾಕ್ಟರನ್ನು ಕಾಣಲಾಗದವನು ಎರಡು ಮಾತ್ರೆ ಕೊಂಡರೆ, ತಪ್ಪು ಅವನೊಬ್ಬನದೇ ಏನು?

ನಾವು ಕೇಳುವುದಿಷ್ಟೆ. ಜಿಲ್ಲಾ ಮಟ್ಟದ ಪ್ರತಿ ಸರ್ಕಾರಿ ಆಸ್ಪತ್ರೆಯ ರೋಗಾಣು ಪ್ರಯೋಗಶಾಲೆ ಹಗಲು ರಾತ್ರಿ ನಡೆಯಬೇಕು. ಅದಕ್ಕೆ ಕಾಯಂ ಸಿಬ್ಬಂದಿ ಬೇಕು. ತಾಲ್ಲೂಕಿನಲ್ಲಿ ತೆಗೆದ ರಕ್ತ ಅದೇ ದಿನ ಅಲ್ಲಿಗೆ ಮುಟ್ಟಬೇಕು. ಫಲಿತಾಂಶ ಕೂಡಲೆ ಡಾಕ್ಟರಿಗೆ ಫೋನಿನಲ್ಲಿ ತಿಳಿಯಬೇಕು. ಬಡವನಿಂದ ಇದಕ್ಕೆ ಕಾಸು ಕೇಳಬಾರದು. ಯಾವ ರೋಗಾಣುವಿಗೆ ಯಾವ ಔಷಧಿ ನಾಟುತ್ತಿದೆಯೆಂದು ಪ್ರತಿ ಆಸ್ಪತ್ರೆಯೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು.

ರಿಪೋರ್ಟು ಬಂದಾಗ ಅದನ್ನು ಓದಿಸಿಕೊಳ್ಳಲು ಕೊನೆಗಾರ ಹಾಸಿಗೆಯ ಮೇಲಿರಬೇಕು.